ಗೇಮ್ ಮೇಳಕ್ಕೆ ಹೊರಟವರ ಪ್ರಶ್ನೆಗಳು

ಈ ಸಲದ ಅಂಕಣಕ್ಕೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ವಿಡಿಯೊ ಗೇಮ್ ಮೇಳಗಳ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಣ್ಣಂದಿನಿಂದ ಯೂಟ್ಯೂಬ್‌ನಲ್ಲಿ ಅಮೆರಿಕದ ಇ3 ಮೇಳ ನೋಡಿಕೊಂಡು ಬಂದೀನಿ. ಒಮ್ಮೆಯಾದರೂ ಹೋಗಬೇಕಂತ ಆಸೆ ಅದ. ಈಗ ಟಿಕೆಟ್ ಹ್ಯಾಂಗ ತಗೋಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಇ3 ಈಗ ಇಲ್ಲ. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಆ ಮೇಳ ಜನರ ಎದುರು ಕಡೆಯ ಸಲ ನಡೆದದ್ದು 2019ರಲ್ಲಿ. 2021ರಲ್ಲಿ ಆನ್‌ಲೈನ್‌ನಲ್ಲಿ ನಡೆಯಿತು. ಇನ್ನು ಮುಂದೆ ಮೇಳವೇ ಇಲ್ಲ ಎಂದು ಸಂಘಟಕರು 2023ರ ಡಿಸೆಂಬರ್‌ನಲ್ಲಿ ಘೋಷಿಸಿದರು. "ಇ3 ಟಿಕೆಟ್" ಎಂದು ಯಾರಾದರೂ ಲಿಂಕ್ ಕಳಿಸಿದರೆ ಹಣ ಕಟ್ಟಬೇಡಿ.

ಈಗ ಜನ ಸೇರುವ ಅತಿ ದೊಡ್ಡ ಮೇಳ ಎಂದರೆ ಜರ್ಮನಿಯ ಕಲೋನ್ ನಗರದ ಗೇಮ್ಸ್‌ಕಾಮ್. 2009ರಿಂದ ಅದು ಅಲ್ಲೇ ನಡೆಯುತ್ತಿದೆ. 2025ರಲ್ಲಿ ಸುಮಾರು 3 ಲಕ್ಷ 57 ಸಾವಿರ ಜನ ಬಂದಿದ್ದರು. 2026ರ ಮೇಳದ ದಿನಾಂಕ ಆಗಸ್ಟ್ 26ರಿಂದ 30. ಇದನ್ನು ಬಿಟ್ಟರೆ ಜಪಾನ್‌ನ ಟೋಕಿಯೊ ಗೇಮ್ ಶೋ ಇದೆ. ಅದು ಸೆಪ್ಟೆಂಬರ್‌ನಲ್ಲಿ, ಟೋಕಿಯೊ ಪಕ್ಕದ ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ನಡೆಯುತ್ತದೆ.

ಎರಡೂ ಕಡೆ ಒಂದೇ ಸೂರಿನಡಿ ಎರಡು ಮೇಳ ನಡೆಯುತ್ತವೆ ಅನ್ನುವುದು ಗೊತ್ತಿರಲಿ. ಒಂದು ಆಟ ಆಡಲು ಬರುವ ಸಾರ್ವಜನಿಕರದ್ದು, ಇನ್ನೊಂದು ಆಟ ಮಾಡುವವರು, ಮಾರುವವರು, ಬಂಡವಾಳ ಹಾಕುವವರದ್ದು. ಟಿಕೆಟ್ ಬೇರೆ, ಗೇಮ್ಸ್‌ಕಾಮ್‌ನಲ್ಲಿ ಸಭಾಂಗಣವೂ ಬೇರೆ. ವೃತ್ತಿಪರರ ಟಿಕೆಟ್‌ಗೆ ಈ ಉದ್ಯಮದಲ್ಲಿ ಇದ್ದೀರಿ ಎನ್ನುವ ದಾಖಲೆ ಕೇಳುತ್ತಾರೆ. ಗೇಮ್ಸ್‌ಕಾಮ್‌ನ ಬುಧವಾರ ಮುಖ್ಯವಾಗಿ ವೃತ್ತಿಪರರು, ಮಾಧ್ಯಮದವರ ದಿನ. ನೀವು ಆಡಲೆಂದೇ ಹೋಗುವವರಾದರೆ ಗುರುವಾರ, ಶುಕ್ರವಾರ ಒಳ್ಳೆಯದು. ಶನಿವಾರದ ಟಿಕೆಟ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ, ಜನದಟ್ಟಣೆಯೂ ಅವತ್ತೇ ಹೆಚ್ಚು. ಬಾಗಿಲಲ್ಲಿ ಟಿಕೆಟ್ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಟಿಕೆಟ್‌ನ ಮೇಲೆ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಇರಲಿ. ನಮ್ಮ ಕಡೆ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ಟಿಕೆಟ್, ವಿಮಾನ, ವಿಮೆ, ವೀಸಾ ನಾಲ್ಕಕ್ಕೂ ಪಾಸ್‌ಪೋರ್ಟ್‌ನ ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ.

ಪ್ರಶ್ನೆ: ಜರ್ಮನಿ ತನಕ ಹೋಗುವಷ್ಟು ರೊಕ್ಕ ಇಲ್ಲ. ಹತ್ತಿರದಾಗ ಇಂಥ ಮೇಳ ಎಲ್ಲಿ ಆಗ್ತದ?
— ಇಬ್ಬರು ಗೆಳೆಯರು, ಬೀದರ್

ಬೀದರ್‌ನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಸುಮಾರು 140 ಕಿಲೋಮೀಟರ್. ಆಡುವ ಆಸೆ ಇದ್ದರೆ ಡ್ರೀಮ್‌ಹ್ಯಾಕ್ ಇಂಡಿಯಾ, ಕಾಮಿಕ್ ಕಾನ್‌ನಂಥ ಮೇಳಗಳ ದಿನಾಂಕದ ಮೇಲೆ ಕಣ್ಣಿಡಿ. 2023, 2024ರಲ್ಲಿ ಡ್ರೀಮ್‌ಹ್ಯಾಕ್ ಹೈದರಾಬಾದ್‌ನ ಹೈಟೆಕ್ಸ್ ಮೈದಾನದಲ್ಲಿ ನಡೆಯಿತು. ಆಟ ತಯಾರಿಸುವವರ ದೊಡ್ಡ ಕೂಟ ಎಂದರೆ ಐಜಿಡಿಸಿ. ಹಲವು ವರ್ಷ ಅದು ಹೈಟೆಕ್ಸ್ ಪಕ್ಕದ ಎಚ್‌ಐಸಿಸಿ ಸಮಾವೇಶ ಕೇಂದ್ರದಲ್ಲೇ ನಡೆದು, 2025ರಲ್ಲಿ ಚೆನ್ನೈಗೆ ಹೋಯಿತು. ಅಲ್ಲಿ ಭಾಷಣ, ಕಾರ್ಯಾಗಾರ, ಭೇಟಿ ಮಾತುಕತೆಗಳೇ ಮುಖ್ಯ. ಬರೀ ಆಡಬೇಕು ಎಂದು ದುಬಾರಿ ಪಾಸ್ ಕೊಂಡು ಹೋದವರಿಗೆ ನಿರಾಸೆಯಾಗುತ್ತದೆ. ಬೆಂಗಳೂರಿನ ಗ್ಯಾಫೆಕ್ಸ್ ಗೇಮ್ ಜೊತೆಗೆ ಅನಿಮೇಷನ್, ವಿಎಫ್‌ಎಕ್ಸ್, ಕಾಮಿಕ್ಸ್ ಎಲ್ಲವನ್ನೂ ಸೇರಿಸಿ ನಡೆಸುವ ಕಾರ್ಯಕ್ರಮ. ವಿದ್ಯಾರ್ಥಿಗಳು ಮೊದಲು ಅದನ್ನು ನೋಡುವುದು ಲೇಸು.

ಹೈಟೆಕ್ಸ್‌ಗೆ ಹೋಗುವಾಗ ಹೆಚ್ಚಿನವರು ಮಾಡುವ ತಪ್ಪು ಸಿಕಂದರಾಬಾದ್ ಅಥವಾ ನಾಂಪಲ್ಲಿ ತನಕ ಹೋಗಿ, ನಗರವನ್ನು ದಾಟಿ ಮತ್ತೆ ಹಿಂದೆ ಬರುವುದು. ಬೀದರ್ ಕಡೆಯ ರೈಲೂ ಕಲಬುರಗಿ, ವಾಡಿ, ತಾಂಡೂರು ಕಡೆಯ ರೈಲೂ ವಿಕಾರಾಬಾದ್ ದಾಟಿ ಲಿಂಗಂಪಲ್ಲಿ ಮೇಲಿಂದಲೇ ಹೋಗುತ್ತವೆ. ಅಲ್ಲಿ ನಿಲ್ಲುವ ರೈಲು ಹಿಡಿದರೆ ಎಂಎಂಟಿಎಸ್‌ನಲ್ಲಿ (ಹೈದರಾಬಾದ್‌ನ ಲೋಕಲ್ ರೈಲು) ಮೂರನೇ ನಿಲ್ದಾಣವೇ ಹೈಟೆಕ್ ಸಿಟಿ. ಬಸ್ಸಾದರೂ ಅಷ್ಟೇ: ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಬರುವ ಬಸ್ಸಿನಲ್ಲಿ ಪಟಾನ್‌ಚೆರು ದಾಟಿದ ಮೇಲೆ ಲಿಂಗಂಪಲ್ಲಿ ಬಳಿಯೇ ಇಳಿಯಿರಿ. ಚೆನ್ನೈ ಮೇಳಕ್ಕಾದರೆ ಕಲಬುರಗಿ, ಯಾದಗಿರಿಯವರಿಗೆ ಅನುಕೂಲ ಹೆಚ್ಚು, ಮುಂಬೈ–ಚೆನ್ನೈ ಮಾರ್ಗ ಊರ ಮೇಲೇ ಹಾದುಹೋಗುತ್ತದೆ.

ಹೊರದೇಶದ ರುಚಿ ನೋಡಲೇಬೇಕು ಅಂದರೆ ಬ್ಯಾಂಕಾಕ್ ಇದೆ. 2025ರ ಅಕ್ಟೋಬರ್‌ನಲ್ಲಿ ಗೇಮ್ಸ್‌ಕಾಮ್ ಏಷ್ಯಾ ಮತ್ತು ಥಾಯ್ಲೆಂಡ್ ಗೇಮ್ ಶೋ ಒಟ್ಟಿಗೇ ಅಲ್ಲಿ ನಡೆದವು. ಯುರೋಪಿನ ಖರ್ಚಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಥಾಯ್ಲೆಂಡ್‌ಗೆ ಇಳಿಯುವ ಮೊದಲಿನ 3 ದಿನಗಳಲ್ಲಿ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ನಕಲಿ.

ಪ್ರಶ್ನೆ: ಮಗ ಗೇಮ್ಸ್‌ಕಾಮ್‌ಗೆ ಹೋಗ್ತೀನಿ ಅಂತಾನ. ಖರ್ಚು ನಾವೇ ಹಾಕ್ತೀವಿ. ನಮ್ಮದು ಒಕ್ಕಲುತನ, ಇನ್‌ಕಮ್ ಟ್ಯಾಕ್ಸ್ ಕಾಗದ ಇಲ್ಲ. ವೀಸಾ ಸಿಗ್ತದೇನ್ರಿ?
— ತೊಗರಿ ಬೆಳೆಗಾರರು, ಆಳಂದ ತಾಲ್ಲೂಕು

ಒಕ್ಕಲುತನದ ಆದಾಯದಿಂದಲೂ ವೀಸಾಕ್ಕೆ ಅರ್ಜಿ ಹಾಕಬಹುದು. ದುಡ್ಡು ಎಲ್ಲಿಂದ ಬಂತು ಎನ್ನುವುದು ಕಾಗದದಲ್ಲಿ ಕಾಣಬೇಕು, ಅಷ್ಟೇ.

ಅರ್ಜಿ ತಿರಸ್ಕಾರವಾಗುವುದಕ್ಕೆ ಒಂದು ದೊಡ್ಡ ಕಾರಣ ಖಾತೆಗೆ ದಿಢೀರನೆ ಬಿದ್ದ ಹಣ. ತೊಗರಿ ಮಾರಿದ ರೊಕ್ಕ ವರ್ಷಕ್ಕೊಮ್ಮೆ, ಜನವರಿ–ಫೆಬ್ರವರಿ ಹೊತ್ತಿಗೆ ಒಟ್ಟಿಗೇ ಬರುತ್ತದೆ. ನಮಗೆ ಅದು ಸಹಜ. ಆದರೆ ಬ್ಯಾಂಕ್ ವಿವರ ನೋಡುವ ಅಧಿಕಾರಿಗೆ ಅದು ವೀಸಾಕ್ಕಾಗಿ ಯಾರಿಂದಲೋ ತಂದು ಹಾಕಿದ ಸಾಲದಂತೆ ಕಾಣುತ್ತದೆ. ಹಾಗಾಗಿ ಎಪಿಎಂಸಿ ಅಡತಿ ಅಂಗಡಿಯ ಪಟ್ಟಿ ಅಥವಾ ಖರೀದಿ ಕೇಂದ್ರದ ರಸೀದಿಯನ್ನು ತಪ್ಪದೇ ಇಟ್ಟುಕೊಳ್ಳಿ. ರಸೀದಿಯ ಮೊತ್ತ ಮತ್ತು ತಾರೀಕು ಬ್ಯಾಂಕಿನ ಸಾಲಿಗೆ ಹೊಂದುವಂತೆ ಪೆನ್ನಿನಲ್ಲಿ ಗುರುತು ಹಾಕಿ ಲಗತ್ತಿಸಿ. ಅದರ ಜೊತೆ ಪಹಣಿ, ತಹಸೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರ ಮತ್ತು ಅವುಗಳ ಇಂಗ್ಲಿಷ್ ಅನುವಾದ ಇರಲಿ. ಖರ್ಚು ನಾನೇ ಭರಿಸುತ್ತೇನೆ ಎಂಬ ತಂದೆಯ ಪತ್ರ, ತಂದೆ–ಮಗ ಸಂಬಂಧ ತೋರಿಸುವ ದಾಖಲೆಯೂ ಬೇಕು. ಮಗ ಓದುತ್ತಿದ್ದರೆ ಕಾಲೇಜಿನ ಬೋನಫೈಡ್ ಪತ್ರ ಮತ್ತು ರಜೆ ಮಂಜೂರಾದ ಪತ್ರ ತುಂಬ ಮುಖ್ಯ. ಮರಳಿ ಬರುತ್ತಾನೆ ಎಂದು ತೋರಿಸುವುದು ಅವೇ.

ಉಳಿದ ನಿಯಮಗಳು ಎಲ್ಲರಿಗೂ ಒಂದೇ. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು, ಅಲ್ಲಿಂದ ಹೊರಡುವ ದಿನದ ಮುಂದೆ ಕನಿಷ್ಠ 3 ತಿಂಗಳ ಅವಧಿ ಇರಬೇಕು, 2 ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯುರೋ ವೈದ್ಯಕೀಯ ವೆಚ್ಚ ಭರಿಸುವಂಥದ್ದಾಗಿರಬೇಕು. ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮೊದಲು. ಆದರೆ ಬೇಸಿಗೆ ರಜೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಆಗಸ್ಟ್ ಕೊನೆಯ ಮೇಳಕ್ಕೆ ಏಪ್ರಿಲ್‌ನಲ್ಲೇ ದಿನ ಹಿಡಿಯಿರಿ. ಬೆರಳಚ್ಚು ಕೊಡಲು ಮಗನೇ ಖುದ್ದು ಹೋಗಬೇಕು, ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ. ವೀಸಾ ಕೈಗೆ ಬರುವ ತನಕ ವಿಮಾನ, ಹೋಟೆಲ್ ಎರಡೂ ರದ್ದು ಮಾಡಬಹುದಾದ ಬುಕಿಂಗ್ ಆಗಿರಲಿ. "ಗ್ಯಾರಂಟಿ ವೀಸಾ ಮಾಡಿಸಿಕೊಡ್ತೀವಿ" ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ, ಅಂಥ ಗ್ಯಾರಂಟಿ ಕೊಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ.

ಪ್ರಶ್ನೆ: ಒಂದು ದಿನದಲ್ಲಿ ಎಷ್ಟು ಆಟ ಆಡಬಹುದು? ಪಟ್ಟಿ ಮಾಡಿದ್ದೇನೆ, ಇಪ್ಪತ್ತು ದಾಟಿದೆ.
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಆ ಪಟ್ಟಿಯಲ್ಲಿ ಹೆಸರಾಂತ ಆಟಗಳೇ ಇದ್ದರೆ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ದೊಡ್ಡ ಆಟದ ಸಾಲು ಎರಡರಿಂದ ನಾಲ್ಕು ತಾಸು ಹಿಡಿಯುವುದು ಮಾಮೂಲು, ಆಡಲು ಸಿಗುವುದು 15–20 ನಿಮಿಷ. ಗೇಟು ತೆರೆದ ಕೂಡಲೇ ಎಲ್ಲರೂ ಅವೇ ನಾಲ್ಕೈದು ಮಳಿಗೆಗಳ ಕಡೆ ಧಾವಿಸುತ್ತಾರೆ. ಸಾಲು ತುಂಬಿದರೆ ಮಧ್ಯಾಹ್ನವೇ ಅದನ್ನು ಮುಚ್ಚುತ್ತಾರೆ. ಸಂಜೆ ಖಾಲಿಯಾಗುತ್ತದೆ ಎಂದು ಕಾದವರಿಗೆ ಸಾಲಿನಲ್ಲಿ ನಿಲ್ಲುವ ಅವಕಾಶವೂ ಇರುವುದಿಲ್ಲ. ಹೀಗಾಗಿ ಬೆಳಿಗ್ಗೆಯ ಮೊದಲ ಓಟವನ್ನು ಒಂದೇ ಒಂದು ಆಟಕ್ಕೆ ಮೀಸಲಿಡಿ. ಯಾವುದು ಎಂದು ಹಿಂದಿನ ರಾತ್ರಿಯೇ ತೀರ್ಮಾನವಾಗಿರಬೇಕು, ಅದರ ಸಭಾಂಗಣಕ್ಕೆ ಹತ್ತಿರದ ಬಾಗಿಲು ಯಾವುದು ಎಂಬುದೂ ಗೊತ್ತಿರಬೇಕು.

ಆಯ್ಕೆ ಮಾಡುವಾಗ ಒಂದು ಮಾತು. ಎರಡು ತಿಂಗಳಲ್ಲಿ ಅಂಗಡಿಗೆ ಬರುವ ಆಟಕ್ಕೆ ಮೂರು ತಾಸು ನಿಲ್ಲುವುದು ನಮ್ಮ ಅಭಿಪ್ರಾಯದಲ್ಲಿ ವ್ಯರ್ಥ. ಮನೆಯಲ್ಲೇ ಆಡುತ್ತೀರಿ. ಆ ಹೊತ್ತನ್ನು ಸ್ವತಂತ್ರ ತಂಡಗಳ, ಅಂದರೆ ದೊಡ್ಡ ಕಂಪನಿಗೆ ಸೇರದ ಸಣ್ಣ ತಂಡಗಳ ವಿಭಾಗಕ್ಕೆ ಕೊಡಿ. ಗೇಮ್ಸ್‌ಕಾಮ್‌ನಲ್ಲಿ ಈಚಿನ ವರ್ಷಗಳಲ್ಲಿ ಅದು 10.2 ಸಭಾಂಗಣದಲ್ಲಿ ಇರುತ್ತದೆ, ಹಳೆಯ ಕಾಲದ ಆಟಯಂತ್ರಗಳ ವಿಭಾಗವೂ ಅಲ್ಲೇ. ಅಲ್ಲಿ ಹತ್ತು–ಹದಿನೈದು ನಿಮಿಷ ಕಾದರೆ ಆಡಲು ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಎಂದರೆ ಆಟ ಮಾಡಿದವರೇ ಪಕ್ಕದಲ್ಲಿ ನಿಂತಿರುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ನಿಮ್ಮ ಇಪ್ಪತ್ತರ ಪಟ್ಟಿ ಒಂದೇ ದಿನದಲ್ಲಿ ಮುಗಿಯುವುದಾದರೆ ಇಲ್ಲಿ ಮಾತ್ರ.

ಜೊತೆಗೆ ಒಯ್ಯುವುದು: ಹಳೆಯ, ಕಾಲಿಗೆ ಒಗ್ಗಿದ ಶೂ, ಮಡಚುವ ಸಣ್ಣ ಸ್ಟೂಲು, ನೀರಿನ ಬಾಟಲಿ, ಪವರ್ ಬ್ಯಾಂಕ್. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್‌ಅವರ್. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್‌ಅವರ್ ಆಗುತ್ತದೆ, ಸಾಕು. ಅದರ ಮೇಲೆ ಸಾಮರ್ಥ್ಯ ಬರೆದ ಅಕ್ಷರ ಅಳಿಸಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಜರ್ಮನಿಯ ಸಾಕೆಟ್‌ಗೆ ಕೂರುವುದಿಲ್ಲ. ಮೊಬೈಲ್ ಚಾರ್ಜರಿನ ತೆಳು ಎರಡು ಪಿನ್ ಕೂರುತ್ತದೆ, ಲ್ಯಾಪ್‌ಟಾಪ್‌ಗೆ ಅಡಾಪ್ಟರ್ ಬೇಕು.

ವಸತಿ: ಮೇಳದ ವಾರ ಕಲೋನ್‌ನಲ್ಲಿ ಹೋಟೆಲ್ ದರ ವಿಪರೀತ ಏರುತ್ತದೆ. ಬಾನ್ ಅಥವಾ ಡ್ಯುಸೆಲ್‌ಡಾರ್ಫ್‌ನಲ್ಲಿ ಉಳಿದು ದಿನಾ ರೈಲಿನಲ್ಲಿ ಬನ್ನಿ, ಸುಮಾರು ಅರ್ಧ ತಾಸು. ಇಳಿಯಬೇಕಾದ ನಿಲ್ದಾಣ ಕಲೋನ್ ಮೆಸ್ಸೆ/ಡಾಯ್ಟ್ಸ್, ಮೇಳ ಅದಕ್ಕೆ ಅಂಟಿಕೊಂಡೇ ಇದೆ. ಮುಖ್ಯ ನಿಲ್ದಾಣ ರೈನ್ ನದಿಯ ಆಚೆ ದಡದ್ದು. ಹೈದರಾಬಾದ್, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ, ಅಲ್ಲಿಂದ ವೇಗದ ರೈಲಿನಲ್ಲಿ ಕಲೋನ್ ಒಂದು ತಾಸಿನ ಹಾದಿ.

ಪ್ರಶ್ನೆ: ರೊಟ್ಟಿ ಕಟ್ಟಿಕೊಂಡು ಹೋಗಬಹುದೇ?
— ಶಿಕ್ಷಕಿ, ಹುಮನಾಬಾದ್

ಧಾರಾಳವಾಗಿ. ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ವಾರಗಟ್ಟಲೆ ಕೆಡುವುದಿಲ್ಲ, ಮೇಳದೊಳಗಿನ ದುಬಾರಿ ಊಟಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಯುರೋಪಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಂದರೆ ಪೇಢೆ, ಖೋವಾ, ತುಪ್ಪ, ಮೊಸರಿನ ಮೆಣಸಿನಕಾಯಿ ಬೇಡ. ಮಾವಿನಹಣ್ಣೂ ಬೇಡ. ರೊಟ್ಟಿ ಗಟ್ಟಿ ಡಬ್ಬಿಯಲ್ಲಿ ಇರಲಿ, ಚೀಲದಲ್ಲಿ ಇಟ್ಟರೆ ಪುಡಿಯಾಗುತ್ತದೆ.

ಪ್ರಶ್ನೆ: ಮಗನಿಗೆ 15 ವರ್ಷ. ಇಂಥ ಮೇಳಕ್ಕೆ ಕಳಿಸಬಹುದಾ? ಆನ್‌ಲೈನ್ ಗೇಮ್ ಬಂದ್ ಮಾಡ್ಯಾರಂತಲ್ಲ?
— ಗೃಹಿಣಿ, ಶಹಾಪುರ

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ಇ–ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್) ಅದೇ ಕಾನೂನು ಮಾನ್ಯತೆ ಕೊಟ್ಟಿದೆ. ಮೇಳಕ್ಕೆ ಹೋಗುವುದಕ್ಕೂ ಆ ನಿಷೇಧಕ್ಕೂ ಸಂಬಂಧವಿಲ್ಲ.

ಗೇಮ್ಸ್‌ಕಾಮ್‌ನಲ್ಲಿ ಗುರುತಿನ ಚೀಟಿ ನೋಡಿ ಕೈಗೆ ಪಟ್ಟಿ ಕಟ್ಟುತ್ತಾರೆ: 12 ದಾಟಿದವರಿಗೆ ಹಸಿರು, 16ಕ್ಕೆ ನೀಲಿ, 18ಕ್ಕೆ ಕೆಂಪು. ನಿಮ್ಮ ಮಗನಿಗೆ ಹಸಿರು ಪಟ್ಟಿ ಬರುತ್ತದೆ. ರಕ್ತಪಾತದ ಆಟಗಳನ್ನು ಗೋಡೆ ಕಟ್ಟಿ ಮರೆಮಾಡಿ ಇಟ್ಟಿರುತ್ತಾರೆ, ಅಲ್ಲಿಗೆ ಅವನನ್ನು ಬಿಡುವುದಿಲ್ಲ. ಅವನು ನೋಡಲು ಹೊರಟ ಆಟ 16 ಅಥವಾ 18ರ ಗುಂಪಿನದಾದರೆ ಅಷ್ಟು ದೂರ ಹೋಗಿ ಹೊರಗೇ ನಿಲ್ಲಬೇಕಾಗುತ್ತದೆ. ಇದನ್ನು ಟಿಕೆಟ್ ಕೊಳ್ಳುವ ಮೊದಲೇ ಅವನ ಜೊತೆ ಕೂತು ನೋಡಿ.

ಎಲ್ಲಿಯ ಮೇಳವಾದರೂ ಸದ್ದು ಜೋರು, ದೀಪ ಮಿಂಚುತ್ತಲೇ ಇರುತ್ತವೆ. ಸ್ಪಂಜಿನ ಕಿವಿಬಿರಡೆ ಕೊಡಿ. ಮೂರ್ಛೆ ರೋಗದ ಹಿನ್ನೆಲೆ ಇದ್ದರೆ ವೈದ್ಯರನ್ನು ಕೇಳದೇ ಕಳಿಸಬೇಡಿ. ಜನ ಕಿಕ್ಕಿರಿದಾಗ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಹಾಗಾಗಿ ಇಷ್ಟು ಗಂಟೆಗೆ ಇಂಥ ಬಾಗಿಲಲ್ಲಿ ಸೇರುವುದು ಎಂದು ಮೊದಲೇ ಮಾತಾಗಿರಲಿ, ನಿಮ್ಮ ಫೋನ್ ನಂಬರು ಒಂದು ಚೀಟಿಯಲ್ಲಿ ಅವನ ಜೇಬಿನಲ್ಲಿರಲಿ.

ಪ್ರಶ್ನೆ: ಕೋಟೆಯೊಂದರಲ್ಲಿ ನಡೆಯುವ ಒಗಟಿನ ಆಟ ಮಾಡುತ್ತಿದ್ದೇವೆ. ಮೇಳದಲ್ಲಿ ಪ್ರಕಾಶಕರಿಗೆ (ಹಣ ಹಾಕಿ ಆಟವನ್ನು ಮಾರುಕಟ್ಟೆಗೆ ತರುವವರಿಗೆ) ತೋರಿಸಬೇಕು. ತಯಾರಿ ಹೇಗೆ?
— ಮೂವರು ಗೆಳೆಯರು, ಯಾದಗಿರಿ

ಮೊದಲು ಐಜಿಡಿಸಿ ಅಥವಾ ಗ್ಯಾಫೆಕ್ಸ್‌ನಂಥ ಹತ್ತಿರದ ಕಡೆ ತೋರಿಸಿ. ಆಡಿದವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ಅಲ್ಲೇ ತಿಳಿಯಲಿ, ಅದಕ್ಕಾಗಿ ಕಲೋನ್ ತನಕ ಹೋಗಬೇಕಿಲ್ಲ.

ಡೆಮೊ, ಅಂದರೆ ಆಡಿ ನೋಡಲು ಕೊಡುವ ತುಣುಕು, 5ರಿಂದ 7 ನಿಮಿಷ ಮೀರಬಾರದು. ಲೋಗೊ, ಕಥೆಯ ಪೀಠಿಕೆ ಎಲ್ಲ ಕಿತ್ತುಹಾಕಿ, ಮೊದಲ ಅರ್ಧ ನಿಮಿಷದಲ್ಲೇ ಆಟಗಾರನ ಕೈ ಒಗಟಿನ ಮೇಲೆ ಇರಬೇಕು. ಒಂದು ನಿಮಿಷ ಯಾರೂ ಏನೂ ಒತ್ತದಿದ್ದರೆ ಡೆಮೊ ತಾನಾಗಿ ಮೊದಲಿಗೆ ಮರಳಿ ಟ್ರೇಲರ್ ಓಡಬೇಕು. ಇಲ್ಲದಿದ್ದರೆ ಹಿಂದಿನವರು ಅರ್ಧಕ್ಕೆ ಬಿಟ್ಟುಹೋದ ಜಾಗದಿಂದ ಮುಂದಿನವರು ಶುರುಮಾಡಿ, ಏನೂ ತಿಳಿಯದೇ ಎದ್ದುಹೋಗುತ್ತಾರೆ.

ಇಂಟರ್ನೆಟ್ ಬೇಡುವ ಯಾವುದೂ ಡೆಮೊದಲ್ಲಿ ಇರಬಾರದು. ಮೇಳದ ವೈಫೈ ಮೇಲೆ ಸಾವಿರಾರು ಫೋನು ಬಿದ್ದಿರುತ್ತವೆ. ಕಂಟ್ರೋಲರ್ ವೈರಿನದೇ ಇರಲಿ. ಬ್ಲೂಟೂತ್ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಬಹಳಷ್ಟು ವೈಫೈ ಕೂಡ ಅಲ್ಲೇ. ಗದ್ದಲ ಹೆಚ್ಚಾದಾಗ ಗುಂಡಿ ಒತ್ತಿದ್ದು ತಡವಾಗಿ ತಲುಪುತ್ತದೆ, ಆಡುವವರು ದೂರುವುದು ನಿಮ್ಮ ಆಟವನ್ನೇ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿಯೇ ಇರಲಿ, ಬ್ಯಾಟರಿ ಮೇಲೆ ಗ್ರಾಫಿಕ್ಸ್ ಚಿಪ್ ನಿಧಾನವಾಗುತ್ತದೆ. ವಿಂಡೋಸ್ ಅಪ್‌ಡೇಟ್ ಒಂದು ವಾರ ನಿಲ್ಲಿಸಿ. ಆಟದ ಪ್ರತಿ ಎರಡು ಪೆನ್‌ಡ್ರೈವ್‌ನಲ್ಲಿ, ಇಬ್ಬರ ಜೇಬಿನಲ್ಲಿ. ಸದ್ದಿನಿಂದಲೇ ಬಿಡಿಸಬೇಕಾದ ಒಗಟು ಇದ್ದರೆ ಡೆಮೊದಿಂದ ತೆಗೆಯಿರಿ, ಹೆಡ್‌ಫೋನ್ ಹಾಕಿದರೂ ಅಲ್ಲಿ ಕೇಳಿಸದು.

ಕನ್ನಡ ಅಕ್ಷರಗಳನ್ನು ಆಟದಲ್ಲಿ ತೋರಿಸುವವರಾದರೆ ಈಗಲೇ ಪರೀಕ್ಷಿಸಿ. ಆಟ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. "ರಾಷ್ಟ್ರ", "ಸ್ತ್ರೀ", "ಕೋಟ್ಯಂತರ" ಟೈಪ್ ಮಾಡಿ ನೋಡಿ, ಅರ್ಧಾಕ್ಷರ ಬಿಡಿಬಿಡಿಯಾಗಿ ನಿಂತಿರುತ್ತದೆ. ಅಂಥದೇ ಇನ್ನೊಂದು ತಂತ್ರಾಂಶ ಗೋಡೊ 4ರಲ್ಲಿ ಅದೇ ಪದಗಳು ಸರಿ ಬರುತ್ತವೆ. ಯೂನಿಟಿಯಲ್ಲೇ ಇದ್ದರೆ ಸದ್ಯಕ್ಕೆ ಶಾಸನ, ಫಲಕಗಳ ಬರಹವನ್ನು ಚಿತ್ರವಾಗಿ ಹಾಕುವುದು ಸುಲಭ ದಾರಿ. ಕೋಟೆಯ ಆಟದಲ್ಲಿ ಕನ್ನಡ ಮುರಿದು ಕಾಣುವುದಕ್ಕಿಂತ ಅದು ಮೇಲು.

ಮೇಳಕ್ಕೆ ಮುಂಚೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಿಮ್ಮ ಆಟದ ಪುಟ ತೆರೆದಿರಲಿ. ಶುಲ್ಕ ಒಂದು ಆಟಕ್ಕೆ 100 ಡಾಲರ್, ಆಟ 1,000 ಡಾಲರ್ ಗಳಿಸಿದ ಮೇಲೆ ಅದು ಮರಳುತ್ತದೆ. ಪುಟದ ಪರಿಶೀಲನೆಗೆ ಕೆಲವು ದಿನ ಹಿಡಿಯುತ್ತದೆ, ಕೊನೆ ವಾರಕ್ಕೆ ಬಿಡಬೇಡಿ. ಪುಟದ ಕ್ಯುಆರ್ ಕೋಡನ್ನು ಅಂಗೈಯಗಲ ಮುದ್ರಿಸಿ ಪರದೆಯ ಪಕ್ಕ ಅಂಟಿಸಿ. ಆಟ ಇಷ್ಟಪಟ್ಟವರು ಅಲ್ಲೇ ನಿಂತು ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕೆಂದಿರುವ ಆಟಗಳ ಪಟ್ಟಿ) ಸೇರಿಸಬೇಕು, ಮನೆಗೆ ಹೋಗಿ ಹುಡುಕುವವರು ಕಡಿಮೆ.

ಪ್ರಕಾಶಕರ ಭೇಟಿ ಅರ್ಧ ತಾಸು ಸಿಕ್ಕರೆ ಹೆಚ್ಚು. ಭೇಟಿಗೆ ಮೂರ್ನಾಲ್ಕು ವಾರ ಮೊದಲೇ ಮೇಳದ ಆ್ಯಪ್‌ನಲ್ಲಿ ಕೋರಿಕೆ ಹಾಕಬೇಕು, ಮಳಿಗೆ ಎದುರು ಹೋಗಿ ನಿಂತರೆ ಸಿಗುವುದಿಲ್ಲ. ಅವರ ಪ್ರಶ್ನೆ ನಾಲ್ಕೇ: ಯಾವ ಬಗೆಯ ಆಟ, ಎಷ್ಟು ಮುಗಿದಿದೆ, ಮುಗಿಸಲು ಎಷ್ಟು ತಿಂಗಳು, ಎಷ್ಟು ಹಣ. ನಾಲ್ಕಕ್ಕೂ ಮೂವರೂ ಒಂದೇ ಉತ್ತರ ಹೇಳಬೇಕು. ಒಪ್ಪಂದಕ್ಕೆ ಅಲ್ಲೇ ಸಹಿ ಹಾಕಬೇಡಿ. ಆಟದ ಹಕ್ಕು ಯಾರ ಹೆಸರಿಗೆ, ಪ್ರಕಾಶಕರು ಕೊಟ್ಟ ಮುಂಗಡ ಅವರಿಗೆ ವಸೂಲಾಗುವ ತನಕ ನಿಮಗೆ ಪಾಲು ಬರುತ್ತದೋ ಇಲ್ಲವೋ, ಈ ಎರಡು ಸಾಲನ್ನು ವಕೀಲರಿಗೆ ತೋರಿಸಿದ ಮೇಲೆಯೇ ಮುಂದಿನ ಮಾತು.

ಪ್ರಶ್ನೆ: ಗೇಮ್ ಪಾತ್ರದ ವೇಷ ಹಾಕಿ ಹೈದರಾಬಾದ್ ಮೇಳಕ್ಕೆ ಹೋಗಬೇಕು. ಕತ್ತಿಯನ್ನು ಯಾವುದರಿಂದ ಮಾಡಲಿ?
— ಓದುಗ, ಬಸವಕಲ್ಯಾಣ

ಇವಿಎ ಫೋಮ್ ಎಂಬ ಹಗುರ ಸ್ಪಂಜಿನಂಥ ಹಾಳೆಯಿಂದ. ಲೋಹ, ಮೊನಚು ಯಾವುದೂ ಬಾಗಿಲಲ್ಲಿ ದಾಟುವುದಿಲ್ಲ. ಅಲಗಿಗೆ 10 ಮಿಲಿಮೀಟರ್ ಹಾಳೆ ಎರಡು, ನಡುವೆ ತೆಳು ಪಿವಿಸಿ ಪೈಪು. ಕಬ್ಬಿಣದ ಸರಳು ಬೇಡವೇ ಬೇಡ. ಯೋಗ ಮಾಡುವ ಚಾಪೆ ಕತ್ತರಿಸಿ ಮಾಡಬೇಡಿ, ಅದು ಮೆದು, ಬಣ್ಣ ಬಿರುಕು ಬಿಡುತ್ತದೆ. ಅಂಟು ಚಪ್ಪಲಿ ಹೊಲಿಯುವವರು ಬಳಸುವ ಕಾಂಟ್ಯಾಕ್ಟ್ ಅಂಟೇ ಸರಿ: ಎರಡೂ ಬದಿಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಸಾಮಾನ್ಯವಾಗಿ 10–15 ನಿಮಿಷ ಸಾಕು, ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಐದೇ ನಿಮಿಷದಲ್ಲಿ ಒಣಗಿಬಿಡುತ್ತದೆ. ಹೀಗಾಗಿ ಬೆಳಿಗ್ಗೆ ಹೊತ್ತು, ಕಿಟಕಿ ತೆರೆದು ಮಾಡಿ. ಬಣ್ಣಕ್ಕೆ ಮೊದಲು ಹೀಟ್‌ಗನ್‌ನಿಂದ ಮೇಲ್ಮೈ ತುಸು ಹೊಳೆಯುವ ತನಕ ಕಾಯಿಸಿದರೆ ರಂಧ್ರಗಳು ಮುಚ್ಚುತ್ತವೆ, ಬಣ್ಣ ಹೀರುವುದಿಲ್ಲ. ಮುಗಿದ ಕತ್ತಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಜೋಡಣೆ ಬಿಟ್ಟುಕೊಳ್ಳುತ್ತದೆ. ಬಸ್ಸು, ರೈಲಿಗೆ ಅನುಕೂಲವಾಗುವಂತೆ ಎರಡು ತುಂಡಾಗಿ ಮಾಡಿ ಪೈಪಿನ ಕಪ್ಲರ್‌ನಿಂದ ಜೋಡಿಸಿ, ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ.

ಪ್ರಶ್ನೆ: ಹೋಗಲು ಆಗುವುದೇ ಇಲ್ಲ. ಮನೆಯಲ್ಲೇ ಏನು ಸಿಗುತ್ತದೆ?
— ಪಿಯುಸಿ ವಿದ್ಯಾರ್ಥಿನಿ, ಸೇಡಂ

ಹೊಸ ಆಟಗಳ ಘೋಷಣೆಯೆಲ್ಲ ಸಿಗುತ್ತದೆ. ಗೇಮ್ಸ್‌ಕಾಮ್ ಶುರುವಾಗುವ ಹಿಂದಿನ ಸಂಜೆ ಓಪನಿಂಗ್ ನೈಟ್ ಲೈವ್ ನಡೆಯುತ್ತದೆ. ಅಲ್ಲಿ ರಾತ್ರಿ 8 ಎಂದರೆ ನಮಗೆ ರಾತ್ರಿ 11.30, ಯೂಟ್ಯೂಬ್‌ನಲ್ಲಿ ಉಚಿತ. ಆಡಲು ಬೇಕೆಂದರೆ ಸ್ಟೀಮ್ ನೆಕ್ಸ್ಟ್ ಫೆಸ್ಟ್ ನೋಡಿ. ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ ಒಂದೊಂದು ವಾರ, ಇನ್ನೂ ಬಿಡುಗಡೆಯಾಗದ ನೂರಾರು ಆಟಗಳ ಡೆಮೊ ಉಚಿತವಾಗಿ ಇಳಿಸಿಕೊಳ್ಳಬಹುದು. ಕಂಪ್ಯೂಟರ್ ಹಳೆಯದಾದರೆ ಪುಟದ ಕೆಳಗಿನ "ಕನಿಷ್ಠ ಅಗತ್ಯ" ಓದಿ, ಎರಡು ಆಯಾಮದ ಆಟಗಳನ್ನು ಆರಿಸಿ. ಅವು ಹೆಚ್ಚಾಗಿ 1 ಜಿಬಿ ಒಳಗೇ ಇರುತ್ತವೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತವೆ. ವಾರ ಮುಗಿದ ಮೇಲೆ ಕೆಲವು ಡೆಮೊಗಳನ್ನು ತೆಗೆದುಹಾಕುತ್ತಾರೆ, ಆದ್ದರಿಂದ ಇಷ್ಟವಾದದ್ದನ್ನು ಮೊದಲ ಎರಡು ದಿನದಲ್ಲೇ ಆಡಿ.